ಟಿಫಿನ್ ಡಬ್ಬಿಯೊಳಗೆ ಹಳೇ ಟಿವಿ ಗೇಮ್: ಬ್ರೈಟ್‌ನೆಸ್ ಏರಿಸಿದರೆ ರೀಸೆಟ್ ಆಗುತ್ತಿದೆ, ಯಾಕೆ?

ಸ್ಲೋ ಲೋಕಲ್ (ಡೊಂಬಿವಲಿ)

ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ಓದಿದವನಲ್ಲ. ಮುಂಬಯಿ ಫೋರ್ಟ್‌ನ ಒಂದು ಆಫೀಸಿನಲ್ಲಿ ಅಕೌಂಟ್ಸ್ ಬರೆಯುವವನು. ಸೋಲ್ಡರಿಂಗ್ ಕಲಿತದ್ದು ಮೂರು ತಿಂಗಳ ಹಿಂದೆ, ವಿಡಿಯೋ ನೋಡಿ. ಹಾಗಾಗಿ ಬೈಯುವವರು ಸ್ವಲ್ಪ ಮೆಲ್ಲಗೆ ಬೈಯಿರಿ.

ಅಪ್ಪ ಮಾಟುಂಗಾದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ ಕಾಲ. 1994ರ ದೀಪಾವಳಿಗೆ ನನಗೂ ಅಣ್ಣನಿಗೂ ಸೇರಿ ಒಂದು ಟಿವಿ ಗೇಮ್ ತಂದಿದ್ದರು. ಕ್ಯಾಸೆಟ್ ಹಾಕುವಂಥದ್ದು. ಈ ಮೇ ತಿಂಗಳಲ್ಲಿ ಕುಂದಾಪುರಕ್ಕೆ ಹೋದಾಗ ಅಟ್ಟದ ಮೇಲೆ ಸಿಕ್ಕಿತು. ಜೊತೆಗೆ ಎರಡು ಕ್ಯಾಸೆಟ್. ಒಂದರ ಮೇಲೆ 9999 ಆಟ ಎಂದು ಬರೆದಿದೆ, ಲೆಕ್ಕ ಹಾಕಿದರೆ ಏಳೇ ಇವೆ. ಇನ್ನೊಂದು ಕಾಂಟ್ರಾ. ಅದರ ಮೇಲೆ ಅಣ್ಣ ಬಾಲ್‌ಪೆನ್ನಿನಲ್ಲಿ "ಮುಟ್ಟಬೇಡ" ಎಂದು ಬರೆದದ್ದು ಇನ್ನೂ ಹಾಗೇ ಇದೆ.

ಇದನ್ನು ಕೈಯಲ್ಲಿ ಹಿಡಿದು ಆಡುವ ಹಾಗೆ ಮಾಡಬೇಕು ಅನ್ನಿಸಿತು. ಸಂಜೆ ನಾನು ಸಿಎಸ್‌ಎಂಟಿ ಸ್ಟೇಷನ್ನಿನಿಂದ ಬೇಕಂತಲೇ ಸ್ಲೋ ಗಾಡಿ ಹಿಡಿಯುತ್ತೇನೆ, ಕೂರಲು ಸೀಟು ಸಿಗುತ್ತದೆ. ಮನೆಗೆ ಒಂದೂಕಾಲು ಗಂಟೆ. ಅಷ್ಟು ಹೊತ್ತು ಬ್ಯಾಟರಿ ಬಂದರೆ ಸಾಕು.

ಇಲ್ಲಿಯವರೆಗೆ ಮಾಡಿದ್ದು: ಹಳೇ ಡಬ್ಬ ಬಿಚ್ಚಿ ಬೋರ್ಡ್ ಹೊರಗೆ ತೆಗೆದೆ. ಅದರಲ್ಲಿ ಎರಡು ಉದ್ದನೆಯ ಐಸಿ (ಚಿಪ್) ಇವೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್‌ನಿಂದ ಕಾರಿನ ರಿವರ್ಸ್ ಕ್ಯಾಮೆರಾಗೆ ಹಾಕುವ 4.3 ಇಂಚಿನ ಸ್ಕ್ರೀನ್ ತಂದೆ. ಹಾಳಾದ ಲ್ಯಾಪ್‌ಟಾಪ್ ಬ್ಯಾಟರಿಯಿಂದ 18650 ಎಂಬ ಅಳತೆಯ, ಚಾರ್ಜ್ ಮಾಡಬಹುದಾದ ಒಂದು ದುಂಡು ಸೆಲ್ ಕಿತ್ತೆ. ಚಾರ್ಜಿಂಗ್‌ಗೆ ಟಿಪಿ4056 ಬೋರ್ಡ್, ಪ್ರೊಟೆಕ್ಷನ್ ಇರುವಂಥದ್ದು. ವೋಲ್ಟೇಜ್ ಏರಿಸಲು ಎರಡು ಎಂಟಿ3608 ಬೂಸ್ಟ್ ಬೋರ್ಡ್. ಒಂದನ್ನು 12 ವೋಲ್ಟಿಗೆ ಇಟ್ಟು ಸ್ಕ್ರೀನಿಗೆ ಕೊಟ್ಟೆ. ಇನ್ನೊಂದನ್ನು 5 ವೋಲ್ಟಿಗೆ ಇಟ್ಟು ಹಳೇ ಅಡಾಪ್ಟರ್ ಪಿನ್ ಹಾಕುವ ಜಾಗಕ್ಕೆ ಸೋಲ್ಡರ್ ಮಾಡಿದೆ. ಎಲ್ಲ ಕೂರಿಸಿದ್ದು ಅಡುಗೆಮನೆಯ ಕ್ಲಿಪ್ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಆ ಡಬ್ಬಿ ಕಾಣೆಯಾದದ್ದು ಮನೆಯಲ್ಲಿ ಇನ್ನೂ ಗೊತ್ತಾಗಿಲ್ಲ.

ತೊಂದರೆ ಏನೆಂದರೆ, ಒಮ್ಮೊಮ್ಮೆ ಆಟ ಚೆನ್ನಾಗಿ ಬರುತ್ತದೆ, ಒಮ್ಮೊಮ್ಮೆ ಬೂದು ಬಣ್ಣದ ಪರದೆ ಮಾತ್ರ. ಬ್ರೈಟ್‌ನೆಸ್ ಏರಿಸಿದೆನೋ, ಟಪ್ ಅಂತ ರೀಸೆಟ್. ಮೀಟರ್ ಹಿಡಿದರೆ ಬೂಸ್ಟ್ ಬೋರ್ಡ್ ಸರಿಯಾಗಿ 5 ವೋಲ್ಟ್ ತೋರಿಸುತ್ತದೆ. ಬ್ಯಾಟರಿ ನಲವತ್ತು ನಿಮಿಷಕ್ಕೇ ಸುಸ್ತು. ನನ್ನ ಲೆಕ್ಕದಲ್ಲಿ ಅದು ವಿಕ್ರೋಳಿ, ಸುಮಾರು ಅರ್ಧ ದಾರಿ.

ಇನ್ನೊಂದು ಸಣ್ಣ ಪ್ರಶ್ನೆ. ಇದರ ಜೊತೆ ಬಂದಿದ್ದ ಗನ್ ಕೂಡ ಇದೆ. ಬಾತುಕೋಳಿ ಹೊಡೆಯುವ ಆಟ ಈ ಸ್ಕ್ರೀನಿನಲ್ಲಿ ನಡೆಯುತ್ತದಾ?

ಉಡುಪಿ ಪಾರ್ಸೆಲ್ (ಮುಲುಂಡ್)

ಇಷ್ಟೆಲ್ಲ ಯಾಕೆ ಮಾರಾಯ್ರೆ? ಸಾವಿರಾರು ಆಟ ತುಂಬಿಕೊಂಡ ರೆಡಿ ಹ್ಯಾಂಡ್‌ಹೆಲ್ಡ್ ಅದೇ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಸಿಗುತ್ತದೆ. ಇಲ್ಲವೆಂದರೆ ರಾಸ್ಪ್‌ಬೆರಿ ಪೈ ಝೀರೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಹಾಕಿ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು ಅಷ್ಟೇ.

ಆಮೇಲೆ ಒಂದು ಮಾತು. ವೈರ್ ನೇತಾಡುವ ಡಬ್ಬಿ ಹಿಡಿದು, ಕೆಂಪು ಎಲ್‌ಇಡಿ ಉರಿಸಿಕೊಂಡು ಲೋಕಲ್‌ನಲ್ಲಿ ಕೂತರೆ ನೀವು ಇಳಿಯುವುದು ಡೊಂಬಿವಲಿಯಲ್ಲಿ ಅಲ್ಲ, ಕುರ್ಲಾದ ರೈಲ್ವೆ ಪೊಲೀಸ್ ಠಾಣೆಯಲ್ಲಿ. ತಮಾಷೆಗೆ ಹೇಳುತ್ತಿಲ್ಲ.

ಸ್ಲೋ ಲೋಕಲ್

ಪೈ ಹಾಕಿದರೆ ಅಣ್ಣನ ಕ್ಯಾಸೆಟ್ ಎಲ್ಲಿಗೆ ಹಾಕುವುದು ಮಾರಾಯ್ರೆ? ಕ್ಯಾಸೆಟ್ ಒತ್ತಿದಾಗ ಬರುವ ಆ ಕಟಕ್ ಸದ್ದಿಗಾಗಿಯೇ ಇದೆಲ್ಲ. ಪೊಲೀಸ್ ವಿಷಯ ಮಾತ್ರ ನಿಜ, ಅದು ತಲೆಗೇ ಹೊಳೆದಿರಲಿಲ್ಲ. ಪೂರ್ತಿ ಮುಚ್ಚಿದ ಮೇಲೆಯೇ ಹೊರಗೆ ಒಯ್ಯುತ್ತೇನೆ.

ತಾಪ್ಕೀರ್ ಗಲ್ಲಿ (ಪುಣೆ)

ಸರ್ರ, ನಾ ಧಾರವಾಡದಾಂವ, ಈಗ ಪಿಂಪ್ರಿಯಲ್ಲಿ ಮಷಿನ್ ಕಂಟ್ರೋಲ್ ಪ್ಯಾನೆಲ್ ರಿಪೇರಿ ಮಾಡುತ್ತೇನೆ. ನಿಮ್ಮ ರೋಗ ಅರ್ಧ ಗೊತ್ತಾಯಿತು.

ಮೊದಲು ಆ ಎರಡು ಉದ್ದನೆಯ ಐಸಿ. ಒಂದೊಂದಕ್ಕೂ ನಲವತ್ತು ಕಾಲು ಇದ್ದರೆ ಒಂದು ಪ್ರೊಸೆಸರ್, ಇನ್ನೊಂದು ಚಿತ್ರ ಮೂಡಿಸುವುದು. 1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಮ್ ಎಂಬ ಟಿವಿ ಗೇಮ್‌ನಲ್ಲಿ ಇದ್ದದ್ದೂ ಹೀಗೆಯೇ. ನಮ್ಮ ಕಡೆ ಸಿಗುತ್ತಿದ್ದವು ಹೆಚ್ಚಾಗಿ ಅದರ ನಕಲು, ಅದಕ್ಕೇ ಕ್ಯಾಸೆಟ್‌ಗೆ 60 ಪಿನ್. ಅದರದೇ ಅಮೆರಿಕದ ರೂಪವಾದ ಎನ್‌ಇಎಸ್‌ನ ಕ್ಯಾಸೆಟ್‌ಗೆ 72. ಆಮೇಲೆ ಬಂದ ಅಗ್ಗದ ಡಬ್ಬಗಳಲ್ಲಿ ಇವೆಲ್ಲ ಕಪ್ಪು ಬೊಟ್ಟಿನಂತೆ ಕಾಣುವ ಒಂದೇ ಚಿಪ್ಪಿನೊಳಗೆ ಸೇರಿಹೋದವು. ಹಳೇದು ಸ್ವಲ್ಪ ಜಾಸ್ತಿ ಕರೆಂಟ್ ಕುಡಿಯುತ್ತದೆ, ಆದರೆ ಕೆಟ್ಟರೆ ರಿಪೇರಿ ಮಾಡಬಹುದು. ಎಸೆಯಬೇಡಿ.

ಈಗ ನಿಮ್ಮ ತಪ್ಪು. ಅಡಾಪ್ಟರ್ ಪಿನ್ ಹತ್ತಿರ ಅಲ್ಯೂಮಿನಿಯಂ ತಗಡಿಗೆ ಸ್ಕ್ರೂ ಹಾಕಿದ ಮೂರು ಕಾಲಿನ ಒಂದು ಸಾಮಾನು ಇರಬೇಕು, ನೋಡಿ. ಅದರ ಮೇಲೆ 7805 ಎಂದು ಬರೆದಿರುತ್ತದೆ. ಆಗಿನ 9 ವೋಲ್ಟ್ ಅಡಾಪ್ಟರನ್ನು 5ಕ್ಕೆ ಇಳಿಸುವುದು ಅದರ ಕೆಲಸ. ಆದರೆ ಅದಕ್ಕೆ ತನ್ನ ಪಾಲು ಬೇಕು. 5 ಹೊರಗೆ ಕೊಡಬೇಕಾದರೆ ಒಳಗೆ ಕನಿಷ್ಠ 7 ಬರಬೇಕು. ನೀವು 5 ಕೊಟ್ಟಿದ್ದೀರಿ, ಅದು ಮೂರೂವರೆ ಮಾತ್ರ ಮುಂದಕ್ಕೆ ಬಿಡುತ್ತಿರಬೇಕು. ನೀವು ಮೀಟರ್ ಹಿಡಿದದ್ದು ಬಾಗಿಲ ಹೊರಗೆ. ಒಳಗೆ ಹಿಡಿಯಿರಿ. ಕಪ್ಪು ಕಡ್ಡಿ ಗ್ರೌಂಡಿಗೆ (ಮೈನಸ್), ಕೆಂಪು 7805ರ ಮೂರನೇ ಕಾಲಿಗೆ.

ನನ್ನ ಅಂದಾಜು ಸರಿ ಇದ್ದರೆ 7805 ಕಿತ್ತು ಹಾಕಿ, ಒಂದನೇ ಮತ್ತು ಮೂರನೇ ಕಾಲಿನ ತೂತುಗಳನ್ನು ವೈರಿನಿಂದ ಸೇರಿಸಿ. ನಡುವಿನದು ಗ್ರೌಂಡ್, ಅದನ್ನು ಮುಟ್ಟಬೇಡಿ. ಇದಾದ ಮೇಲೆ ಹಳೇ ಅಡಾಪ್ಟರನ್ನು ಅಪ್ಪಿತಪ್ಪಿಯೂ ಚುಚ್ಚಬೇಡಿ. 9 ವೋಲ್ಟ್ ನೇರವಾಗಿ ಐಸಿಗೆ ಹೋದರೆ ಅಲ್ಲಿಗೆ ಮುಗಿಯಿತು. ಆ ಪಿನ್ ಜಾಗವನ್ನೇ ತೆಗೆದುಬಿಟ್ಟರೆ ಒಳ್ಳೇದು.

ಬ್ಯಾಟರಿ ಲೆಕ್ಕ. ಸ್ಕ್ರೀನ್ 12 ವೋಲ್ಟಿನಲ್ಲಿ 200 ಮಿಲಿಆಂಪ್ ಅಂದುಕೊಳ್ಳಿ, 2.4 ವಾಟ್. ಗೇಮ್ ಬೋರ್ಡ್ 5 ವೋಲ್ಟಿನಲ್ಲಿ 300 ಅಂದರೆ 1.5 ವಾಟ್. ಬೂಸ್ಟ್ ಬೋರ್ಡ್ ತಿನ್ನುವುದೂ ಸೇರಿದರೆ 3.7 ವೋಲ್ಟಿನ ಸೆಲ್‌ನಿಂದ ಒಂದೂಕಾಲು ಆಂಪ್ ಹತ್ತಿರ. 2200 ಮಿಲಿಆಂಪ್‌ಅವರ್‌ನ ಹೊಸ ಸೆಲ್ ಇದ್ದರೆ ಒಂದೂವರೆ ಗಂಟೆ ದಾಟಬೇಕು. ನಿಮಗೆ ನಲವತ್ತು ನಿಮಿಷ ಬರುತ್ತಿದೆ ಅಂದರೆ ಆ ಲ್ಯಾಪ್‌ಟಾಪ್ ಸೆಲ್ ಮುದುಕ. ಮುದಿ ಸೆಲ್ ಲೋಡ್ ಬಿದ್ದ ಕೂಡಲೇ ಕುಸಿಯುತ್ತದೆ. ಬ್ರೈಟ್‌ನೆಸ್ ಏರಿಸಿದಾಗ ರೀಸೆಟ್ ಆಗುವುದು ಅದಕ್ಕೇ. ಮೊದಲೇ ಮೂರೂವರೆಯಲ್ಲಿ ತೆವಳುತ್ತಿರುವ ಬೋರ್ಡ್, ಅದಕ್ಕೆ ಇನ್ನೊಂದು ಏಟು.

ಚಾರ್ಜ್‌ಗೆ ಹಾಕಿಕೊಂಡು ಆಡಬೇಡಿ. ಟಿಪಿ4056 ಸೆಲ್ ತುಂಬಿತೋ ಇಲ್ಲವೋ ಎಂದು ನೋಡುವುದು ಕರೆಂಟ್ ಇಳಿಯುವುದರ ಮೇಲೆ. ಗೇಮ್ ಎಳೆಯುತ್ತಲೇ ಇದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಪಣಜಿ ಫೆರ್ರಿ

ಗನ್ ವಿಷಯಕ್ಕೆ ನಾನು ಹೇಳುತ್ತೇನೆ. ನಡೆಯುವುದಿಲ್ಲ. ಟ್ರಿಗರ್ ಒತ್ತಿದಾಗ ಪರದೆ ಕ್ಷಣ ಹೊತ್ತು ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಬರುತ್ತದೆ. ಗನ್ ಒಳಗಿನ ಕಣ್ಣು ಆ ಬೆಳಕನ್ನು ಆಗಲೇ ಹಿಡಿಯಬೇಕು. ಅದಕ್ಕೆ ಹಳೇ ಪಿಕ್ಚರ್ ಟ್ಯೂಬ್ ಟಿವಿಯೇ ಬೇಕು. ಎಲ್‌ಸಿಡಿ ತಡ ಮಾಡುತ್ತದೆ, ಆ ಮಿಣುಕೂ ಅದರಲ್ಲಿ ಇಲ್ಲ. ನನ್ನ ಮಗ ಗನ್ನನ್ನು ಸ್ಕ್ರೀನಿಗೆ ಒತ್ತಿ ಹಿಡಿದು ಹೊಡೆದ, ಆಗಲೂ ಗುರಿ ತಪ್ಪಿದರೆ ನಗುವ ಆ ಆಟದ ನಾಯಿ ನಕ್ಕಿತು.

ಬ್ಯಾಟರಿ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ. ಸೆಗಾ ಕಂಪನಿಯೇ ತನ್ನ ದೊಡ್ಡ ಕನ್ಸೋಲನ್ನು ಕೈಗೆ ಹಿಡಿಸುವ ಹಾಗೆ ಮಾಡಿ 1995ರಲ್ಲಿ ನೋಮ್ಯಾಡ್ ಅಂತ ಮಾರಿತು. ಆರು ಎಎ ಸೆಲ್ ಹಾಕಿದರೂ ಎರಡು ಮೂರು ಗಂಟೆಗೆ ಖಾಲಿ. ಈ ಹುಚ್ಚಿಗೆ ಹೆಸರಾದ ಬೆನ್ ಹೆಕ್ಕೆಂಡಾರ್ನ್ ಎಂಬ ಅಮೆರಿಕದವರು ಅಟಾರಿ 2600 ಬೋರ್ಡನ್ನೇ ಕತ್ತರಿಸಿ ಕೈಗೆ ಹಿಡಿಯುವಂಥದ್ದು ಮಾಡಿದ್ದರು. ನೀವು ಬೋರ್ಡ್ ಕತ್ತರಿಸಲು ಮಾತ್ರ ಹೋಗಬೇಡಿ, ಇರುವ ಹಾಗೇ ಇರಲಿ.

ಸ್ಕ್ರೀನಿಗೆ ಒಂದು ಉಪಾಯ ಇದೆ. ಇಂಥ ಎಷ್ಟೋ ಸ್ಕ್ರೀನ್‌ಗಳಲ್ಲಿ ಕೆಂಪು ವೈರ್ ಬರುವ ಕಡೆ ಒಂದು ಚಿಕ್ಕ ಐಸಿ ಆ 12 ವೋಲ್ಟನ್ನು ಮತ್ತೆ 5ಕ್ಕೋ 3.3ಕ್ಕೋ ಇಳಿಸುತ್ತದೆ. ನೀವು ಕಷ್ಟಪಟ್ಟು ಏರಿಸುವುದು, ಅದು ಇಳಿಸುವುದು. ಅದರ ಹೊರಬಾಗಿಲಲ್ಲಿ ಮೀಟರ್ ಹಿಡಿದು 5 ಬಂದರೆ, ಆ ಐಸಿ ತೆಗೆದು ಅಲ್ಲಿಗೇ ನಿಮ್ಮ 5 ವೋಲ್ಟ್ ಕೊಡಬಹುದು. ಅಳೆಯದೆ ಮಾತ್ರ ಕೈ ಹಾಕಬೇಡಿ.

ಸ್ಲೋ ಲೋಕಲ್

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ಆಫೀಸಿನಲ್ಲಿ ಆಡಿಟ್ ಇತ್ತು.

ಪುಣೆಯ ಸರ್, ಮೂರನೇ ಕಾಲಿಗೆ ಕಡ್ಡಿ ಹಿಡಿದೆ. 3.4 ವೋಲ್ಟ್! ಕೂತಲ್ಲೇ ನಗು ಬಂತು. 7805 ಕೀಳಲು ಒಂದು ಗಂಟೆ ಹಿಡಿಯಿತು. ತಗಡು ಬಿಸಿಯನ್ನೆಲ್ಲ ಕುಡಿಯುತ್ತಿತ್ತು, ಸೋಲ್ಡರ್ ಕರಗಲೇ ಇಲ್ಲ. ಕೊನೆಗೆ ಸ್ಕ್ರೂ ಬಿಚ್ಚಿ, ಮೂರು ಕಾಲನ್ನೂ ಕಟರ್‌ನಲ್ಲಿ ಕತ್ತರಿಸಿ, ಒಂದೊಂದೇ ತುಂಡು ಎಳೆದೆ. ವೈರ್ ಹಾಕಿ ಸ್ವಿಚ್ ಒತ್ತಿದರೆ ಮೊದಲ ಸಲಕ್ಕೇ ಕಾಂಟ್ರಾ ಬಂತು. ಬ್ರೈಟ್‌ನೆಸ್ ಪೂರ್ತಿ ಏರಿಸಿದೆ, ರೀಸೆಟ್ ಇಲ್ಲ. ಮೂವತ್ತು ಲೈಫ್ ಕೊಡುವ ಮೇಲೆ-ಮೇಲೆ-ಕೆಳಗೆ-ಕೆಳಗೆ ಬಟನ್ ಗುಟ್ಟು ಬೆರಳಿಗೇ ನೆನಪಿತ್ತು, ತಲೆಗೆ ಇರಲಿಲ್ಲ.

ಸ್ಕ್ರೀನಿನ ಚಿಕ್ಕ ಐಸಿಯ ಹತ್ತಿರ 5.1 ತೋರಿಸಿತು. ಅದನ್ನು ತೆಗೆದು ಒಂದೇ ಬೂಸ್ಟ್ ಬೋರ್ಡಿನಿಂದ ಎರಡಕ್ಕೂ ಕೊಟ್ಟಿದ್ದೇನೆ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಆಡಿದೆ, 58 ನಿಮಿಷ ಬಂತು. ಅಂದರೆ ಗಾಡಿ ಥಾಣೆ ಊರಿನ ಹತ್ತಿರ. ಇನ್ನುಳಿದದ್ದು ಹೊಸ ಸೆಲ್‌ನ ಕೆಲಸ. ಒಂದೇ ಕೊರತೆ, ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಅನ್ನುತ್ತಿದೆ.

ಡಬ್ಬಿ ವಿಷಯ ಮನೆಯಲ್ಲಿ ಗೊತ್ತಾಯಿತು. ಅದೇ ಅಳತೆಯ ಎರಡು ತಂದುಕೊಡಬೇಕಂತೆ.

ತಾಪ್ಕೀರ್ ಗಲ್ಲಿ (ಪುಣೆ)

ಭಾರೀ ಆತು ಸರ್ರ! ಗುಂಯ್ ಅನ್ನುವುದು ಗ್ರೌಂಡ್ ವೈರಿನ ಕಥೆ. ಸ್ಕ್ರೀನ್, ಬೋರ್ಡ್, ಸ್ಪೀಕರ್ ಮೂರರ ಕಪ್ಪು ವೈರನ್ನೂ ಒಂದರ ಬಾಲಕ್ಕೆ ಒಂದು ಕಟ್ಟಿರುತ್ತೀರಿ. ಬೇರೆ ಬೇರೆಯಾಗಿ ತಂದು ಬೂಸ್ಟ್ ಬೋರ್ಡಿನ ಮೈನಸ್ ಹತ್ತಿರ ಒಂದೇ ಕಡೆ ಸೇರಿಸಿ. ಅಲ್ಲೇ 5 ವೋಲ್ಟಿಗೆ ಅಡ್ಡಲಾಗಿ 1000 ಮೈಕ್ರೊಫ್ಯಾರಡ್, 10 ವೋಲ್ಟಿನ ಒಂದು ಕೆಪಾಸಿಟರ್ ಹಾಕಿ. ಪ್ಲಸ್-ಮೈನಸ್ ನೋಡಿ ಹಾಕಿ, ಉಲ್ಟಾ ಆದರೆ ಪಟಾಕಿ.

ಸ್ಲೋ ಲೋಕಲ್

ಸರಿ ಸರ್. ಶನಿವಾರ ಮಧ್ಯಾಹ್ನ ಗ್ರ್ಯಾಂಟ್ ರೋಡ್‌ನಲ್ಲಿ ಇಳಿಯುತ್ತೇನೆ, ಭಾನುವಾರ ಅಲ್ಲಿ ಎಷ್ಟೋ ಅಂಗಡಿ ಮುಚ್ಚಿರುತ್ತವೆ. ಸೆಲ್, ಕೆಪಾಸಿಟರ್, ಆಮೇಲೆ ಎರಡು ಡಬ್ಬಿ. ಮುಲುಂಡಿನವರೆ, ನಿಮಗೆ ಏನಾದರೂ ಬೇಕಿದ್ದರೆ ಹೇಳಿ, ದಾರಿಯಲ್ಲೇ ಅಲ್ವಾ, ಕೊಟ್ಟು ಹೋಗುತ್ತೇನೆ.