ಲಕ್ಷದ್ವೀಪಕ್ಕೆ ಇಬ್ಬರು, ಎರಡು ಬ್ಯಾಗು, 40,000 ರೂಪಾಯಿ: ಸಾಕಾಗುತ್ತಾ?

ಪೆರ್ಲದ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ ಸಣ್ಣ ಅಡಿಕೆ ತೋಟ. ಕಳೆದ ಮೇ ತಿಂಗಳಲ್ಲಿ ಮದುವೆಯಾಯಿತು. ಮಳೆ, ತೋಟಕ್ಕೆ ಮದ್ದು ಬಿಡುವುದು, ಅಮ್ಮನ ಕಣ್ಣಿನ ಆಪರೇಷನ್ ಅಂತ ನಾವಿಬ್ಬರೂ ಎಲ್ಲಿಗೂ ಹೋಗಲು ಆಗಲಿಲ್ಲ. ಜನವರಿಯಲ್ಲಿ ಒಂದನೇ ಕೊಯ್ಲು ಮುಗಿದ ಮೇಲೆ ಎಂಟು ದಿನ ಬಿಡುವು ಸಿಗುತ್ತದೆ. ನಾಲ್ಕೂ ಕಡೆ ಕಡಲಿರುವ ಊರಿನಲ್ಲಿ ನಾಲ್ಕು ದಿನ ಇರಬೇಕು ಅಂತ ಅವಳಿಗೆ ಚಿಕ್ಕಂದಿನಿಂದ ಆಸೆ. ಪ್ಯಾಕೇಜಿನವರು ಹೇಳುವ ರೇಟು ನಮ್ಮ ಕೈಗೆ ಎಟುಕುವುದಲ್ಲ. ನಾವೇ ಬ್ಯಾಗು ಹಾಕಿಕೊಂಡು ಹಡಗಿನಲ್ಲಿ ಹೋಗಿ ಬರಬಹುದಾ? ಇನ್ನೊಂದು ವಿಷಯ, ಅವಳು ಮೀನು, ಮೊಟ್ಟೆ ಯಾವುದೂ ತಿನ್ನುವುದಿಲ್ಲ. ಹೋಗಿ ಬಂದವರು ಇದ್ದರೆ ದಯವಿಟ್ಟು ತಿಳಿಸಿ.

ಉಪ್ಪಳದವ:
ಪರ್ಮಿಟ್ಟಿನ ರಗಳೆ ಜಾಸ್ತಿ ಭಾವ. ದ್ವೀಪ ನೋಡಬೇಕು ಅಂತಾದರೆ ಮಲ್ಪೆಯಿಂದ ಸೇಂಟ್ ಮೇರೀಸ್‌ಗೆ ಹೋಗಿ. ಕಂಬ ಕಂಬದ ಹಾಗೆ ನಿಂತ ಕಲ್ಲು, ಚಂದ ಇದೆ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಆದರೆ ಅಲ್ಲಿ ರಾತ್ರಿ ಉಳಿಯಲು ಆಗುವುದಿಲ್ಲ.

ಮಂಜೇಶ್ವರದ ಅಕ್ಕ:
ತಮ್ಮಾ, ಅವಳ ಆಸೆ ಒಂದು ಹಗಲಿನದ್ದಲ್ಲ ಅಲ್ವಾ? ಲಕ್ಷದ್ವೀಪಕ್ಕೇ ಹೋಗಿ. ನಾನೂ ನಮ್ಮವರೂ 2023ರ ಡಿಸೆಂಬರಿನಲ್ಲಿ ಅಲ್ಲಿನ ಅಗತ್ತಿ ದ್ವೀಪಕ್ಕೆ ಹೋಗಿದ್ದೆವು. ಇಬ್ಬರಿಗೂ ಸೇರಿ 36,500 ಆಯಿತು. ಅರ್ಧಕ್ಕಿಂತ ಜಾಸ್ತಿ ಹೋದದ್ದು ಹೋಂಸ್ಟೇಗೆ, ಊಟ ಸೇರಿ.

ಮೊದಲು ಪರ್ಮಿಟ್. ಅದಿಲ್ಲದೆ ಹಡಗಿಗೆ ಹತ್ತಿಸುವುದಿಲ್ಲ. ಅದರಲ್ಲಿ ಯಾವ ದ್ವೀಪದ ಹೆಸರಿದೆಯೋ ಅಲ್ಲಿಗೆ ಮಾತ್ರ ಹೋಗಬಹುದು. ನಾವು ಉಳಿಯುವ ಮನೆ ಗೊತ್ತು ಮಾಡಿಕೊಂಡು ಆಮೇಲೆ ಅರ್ಜಿ ಹಾಕಿದೆವು. ಪೊಲೀಸ್ ಕ್ಲಿಯರೆನ್ಸ್ ಕೂಡ ಬೇಕಾಯಿತು. ಎರಡು ತಿಂಗಳು ಮೊದಲೇ ಶುರು ಮಾಡಿ. ಫೋನಿನಲ್ಲಿ ಮಾತ್ರ ಗೊತ್ತಿರುವ ಏಜೆಂಟಿಗೆ ಅಡ್ವಾನ್ಸ್ ಕಳಿಸಬೇಡಿ. ನಾವು ಕಳಿಸಿದ 5,000 ಇವತ್ತಿಗೂ ವಾಪಸ್ ಬಂದಿಲ್ಲ.

ರಾತ್ರಿ ರೈಲಿಗೆ ಎರ್ನಾಕುಳಂ, ಅಲ್ಲಿಂದ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಹಡಗು. ಬಂಕ್ ಕ್ಲಾಸ್ ಸಾಕು. ಏಸಿ ತಣ್ಣಗೆ ಕೊರೆಯುತ್ತದೆ, ಒಂದೊಂದು ಹೊದಿಕೆ ಇರಲಿ. ಸೂಟ್‌ಕೇಸ್ ಮಾತ್ರ ಬೇಡ. ಯಾಕೆ ಅಂದರೆ, ನಾವು ಹೋದಾಗ ಹಡಗು ದಡಕ್ಕೆ ಬರಲಿಲ್ಲ, ಹೊರಗೇ ನಿಂತಿತು. ಹಡಗಿನ ಪಕ್ಕದಲ್ಲಿ ಒಂದು ಬಾಗಿಲು ತೆರೆದರು. ಕೆಳಗೆ ದೋಣಿ ಏಳುತ್ತದೆ, ಬೀಳುತ್ತದೆ. ಅದು ಎದ್ದ ಹೊತ್ತಿಗೆ ಸರಿಯಾಗಿ ಇಬ್ಬರು ನನ್ನ ರಟ್ಟೆ ಹಿಡಿದು ದಾಟಿಸಿದರು. ಕಾಲ ಕೆಳಗೆ ಆ ಒಂದು ಮಾರು ನೀರು ಕಡುನೀಲಿ, ತಳವೇ ಕಾಣದು. ಎರಡೂ ಕೈ ಖಾಲಿ ಇರಬೇಕು. ಬೆನ್ನಿಗೆ ಹಾಕುವ ಬ್ಯಾಗೇ ಆಗಬೇಕು. ಅವಳಿಗೆ ಸೀರೆ ಬೇಡ ಅಂತ ಹೇಳಿ.

ಊಟದ ಚಿಂತೆ ಬೇಡ. ನಾನೂ ಸಸ್ಯಾಹಾರಿ. ಅಲ್ಲಿ ತರಕಾರಿ ಹೆಚ್ಚಿನದೂ ಹಡಗಿನಲ್ಲೇ ಬರಬೇಕು, ಹಾಗಾಗಿ ದಿನಾ ಬಗೆಬಗೆ ಪಲ್ಯ ಕೇಳಬೇಡಿ. ಆ ಮನೆಯ 'ಇತ್ತ' (ಅಕ್ಕ ಅಂತ ಅರ್ಥ, ನಾನು ಹಾಗೇ ಕರೆಯುತ್ತಿದ್ದೆ) ಮೊದಲ ದಿನವೇ ಹಿತ್ತಲಿನ ಮರ ತೋರಿಸಿದರು. ನೋಡಿದರೆ ನಮ್ಮ ಜೀಗುಜ್ಜೆ, ಅದೇ ದೀವಿಹಲಸು! ಅದನ್ನೇ ತೆಳ್ಳಗೆ ಹೆಚ್ಚಿ ತೆಂಗಿನೆಣ್ಣೆಯಲ್ಲಿ ಕರಿದು ಕೊಟ್ಟರು. ನನಗಾಗಿ ಬೇರೆ ಬಾಣಲೆ ಇಟ್ಟಿದ್ದರು, ನಾನು ಕೇಳಿರಲೇ ಇಲ್ಲ. ಹೊರಡುವಾಗ ದ್ವೀಪ ಉಂಡೆ ಕಟ್ಟಿಕೊಟ್ಟರು. ತೆಂಗಿನಕಾಯಿ, ಬೆಲ್ಲ, ಸುತ್ತ ಒಣ ಬಾಳೆಲೆ.

ಭಾಷೆ ಜೆಸೇರಿ, ಮಲಯಾಳದ್ದೇ ಒಂದು ಬಗೆ. 'ಪಳ್ಳಿ'ಗೆ (ಮಸೀದಿ) 'ಫಳ್ಳಿ' ಅನ್ನುತ್ತಾರೆ, 'ವಿಳಿ'ಗೆ (ಕರೆ) 'ಬಿಳಿ'. ನನಗಂತೂ ನಮ್ಮ ಕರಾವಳಿಯ ಮುಸ್ಲಿಮರ ಬ್ಯಾರಿ ಮಾತು ಕೇಳಿದ ಹಾಗಾಯಿತು. ಎರಡು ದಿನದಲ್ಲಿ ಕಿವಿ ಹೊಂದಿಕೊಳ್ಳುತ್ತದೆ.

ಒಂದು ಮಾತು ಮನಸ್ಸಿನಲ್ಲಿಡಿ. ನಿಮ್ಮ ಕಡೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ನೀರು ಸುಮ್ನೆ ಹರಿದು ಬರುತ್ತದೆ. ಅಲ್ಲಿ ಹೊಳೆ ಇಲ್ಲ, ಗುಡ್ಡ ಇಲ್ಲ. ಮಳೆ ನೀರು ಮರಳಿನಡಿ ಇಳಿದು, ಉಪ್ಪು ನೀರಿನ ಮೇಲೆ ತೆಳುವಾಗಿ ತೇಲಿ ನಿಂತಿರುತ್ತದೆ. ಬಾವಿಗೆ ಸಿಗುವುದು ಅದೇ. ಜಾಸ್ತಿ ಎಳೆದರೆ ಅಡಿಯ ಉಪ್ಪು ಮೇಲೆ ಬರುತ್ತದೆ. 'ಇತ್ತ' ಮಾಡಿಕೊಟ್ಟ ಚಹಾದಲ್ಲೂ ಒಂದು ಚೂರು ಉಪ್ಪಿನ ರುಚಿ ಇತ್ತು. ನಾವು ಒಂದೊಂದೇ ಬಕೆಟ್‌ನಲ್ಲಿ ಸ್ನಾನ ಮುಗಿಸುತ್ತಿದ್ದೆವು. ನೀವೂ ಹಾಗೆ ಮಾಡಿ. ಅದು ರೆಸಾರ್ಟ್ ಅಲ್ಲ, ಜನ ಬದುಕುವ ಊರು. ಮೈತುಂಬ ಬಟ್ಟೆ ಇರಲಿ. ಅಲ್ಲಿ ಕುಡಿತಕ್ಕೆ ಅನುಮತಿ ಇಲ್ಲ. ಸತ್ತ ಹವಳದ ತುಂಡನ್ನೂ ಬ್ಯಾಗಿಗೆ ಹಾಕಬೇಡಿ, ಅದು ಅಪರಾಧ.

ಎಂಟು ದಿನ ಅಂದಿರಲ್ಲ, ಹತ್ತು ಇಟ್ಟುಕೊಳ್ಳಿ. ನಮ್ಮ ವಾಪಸ್ ಹಡಗು ಎರಡು ದಿನ ತಡವಾಯಿತು. ರೈಲೂ ತಪ್ಪಿತು, ಮನೆಯಲ್ಲಿ ಅತ್ತೆ ಒಬ್ಬರೇ ಅಂತ ನನಗೆ ನಿದ್ದೆ ಇಲ್ಲ. ಆ 36,500ರಲ್ಲಿ ಆ ಎರಡು ದಿನದ್ದೂ ಸೇರಿದೆ.

ಕುಂಬಳೆಯ ಮಾಷ್ಟ್ರು:
ಅಕ್ಕ ಎಲ್ಲ ಹೇಳಿದ್ದಾರೆ. ನಾನು ಒಂದು ಹಳೆಯ ಸಂಗತಿ ಸೇರಿಸುತ್ತೇನೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಲಕ್ಷದ್ವೀಪದ ಈ ಐದೂ ದ್ವೀಪಗಳು ಒಂದು ಕಾಲಕ್ಕೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯವೇ. 1799ರಲ್ಲಿ ಟಿಪ್ಪುವಿನ ಕೈಯಿಂದ ಕಂಪನಿಗೆ ಹೋದ ಮೇಲೆ ಮಂಗಳೂರಿನ ಕಲೆಕ್ಟರರ ಅಡಿಯಲ್ಲಿದ್ದವು. ಅಲ್ಲಿನ ಹುರಿಹಗ್ಗ ಮಂಜಿಯಲ್ಲಿ (ಹಾಯಿ ಹಡಗು) ಮಂಗಳೂರು ಬಂದರಿಗೆ ಬರುತ್ತಿತ್ತು, ಅಕ್ಕಿ ಅತ್ತ ಹೋಗುತ್ತಿತ್ತು. 1956ರ ನವೆಂಬರ್ 1ಕ್ಕೆ ಕಾಸರಗೋಡು ಅದೇ ಜಿಲ್ಲೆಯಿಂದ ಕೇರಳಕ್ಕೆ ಸೇರಿತು, ಅದೇ ದಿನ ಆ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಒಂದೇ ಮನೆಯಿಂದ ಒಂದೇ ದಿನ ಪಾಲಾದವರು ನಾವು. ಪರ್ಮಿಟ್ಟಿನಲ್ಲಿ ಕಡಮತ್ ಸಿಕ್ಕಿದರೆ ಅಲ್ಲಿಗೂ ಹೋಗಿ ಬನ್ನಿ. ಅಲ್ಲಿನ ಹಿರಿಯರ ಹತ್ತಿರ ಮಂಗಳೂರಿನ ಮಾತೆತ್ತಿ ನೋಡಿ.

ಪೆರ್ಲದ ಹುಡುಗ:
ಅಕ್ಕ, ಮಾಷ್ಟ್ರೇ, ತುಂಬ ಉಪಕಾರವಾಯಿತು. ಎಲ್ಲವನ್ನೂ ಅವಳಿಗೆ ಓದಿ ಹೇಳಿದೆ. ಜೀಗುಜ್ಜೆ ಅಂದದ್ದೇ ಅವಳ ಮುಖ ಅರಳಿತು. ಹತ್ತು ದಿನಕ್ಕೆ ತೋಟ ನೋಡಿಕೊಳ್ಳಲು ದೊಡ್ಡಪ್ಪ ಒಪ್ಪಿದ್ದಾರೆ. ಬ್ಯಾಗಿನಲ್ಲಿ ಮಾವಿನಮಿಡಿ ಉಪ್ಪಿನಕಾಯಿ ಒಯ್ದರೆ ತೊಂದರೆ ಇಲ್ಲ ಅಲ್ವಾ?

ಮಂಜೇಶ್ವರದ ಅಕ್ಕ:
ನಾವು ಒಯ್ದಿದ್ದೆವು, ಏನೂ ತೊಂದರೆ ಆಗಲಿಲ್ಲ. ಗಾಜಿನ ಬಾಟ್ಲಿ ಬೇಡ, ಸ್ಟೀಲಿನ ಡಬ್ಬಿಗೆ ಹಾಕಿ. ಉಳಿಯುವ ಮನೆಯವರಿಗೆ ಅಂತ ಇನ್ನೊಂದು ಡಬ್ಬಿಯೂ ಇರಲಿ.