ಹೈದರಾಬಾದ್‌ನಲ್ಲಿ ಒಂದು ದಿನ: ನಮ್ಮ ಮನೆ ಗುಂಪಿನ ಜಗಳ

ಮಾಮಾ: (ಫಾರ್ವರ್ಡ್) "ಹೈದರಾಬಾದ್‌ನಲ್ಲಿ ಯಾರಿಗೂ ಗೊತ್ತಿಲ್ಲದ 10 ಜಾಗ! ಕೊನೆತನಕ ಓದಿ, ಎಲ್ಲರಿಗೂ ಕಳಿಸಿ 🙏"

ಮಾಮಾ: ಮದುವೆ ಗುರುವಾರ. ಶುಕ್ರವಾರ ಇವನ್ನೆಲ್ಲ ನೋಡಿಕೊಂಡು ರಾತ್ರಿ ರಾಯಚೂರಿಗೆ ವಾಪಸ್. ಎಲ್ಲರೂ ಒಪ್ಪಿಗೆ ತಾನೆ?

ತಮ್ಮ: ಮೊದಲನೇದೇ ಚಾರ್‌ಮಿನಾರ್! ಅದು ಯಾರಿಗೆ ಗೊತ್ತಿಲ್ಲ ಮಾಮಾ? 😂 ಎರಡನೇದು ಗೋಲ್ಕೊಂಡ. ಮೂರನೇದು ರಾಮೋಜಿ ಫಿಲ್ಮ್ ಸಿಟಿ.

ಅಕ್ಕ: ರಾಮೋಜಿ ಊರಾಚೆ ಇದೆ. ಅದಕ್ಕೇ ಒಂದು ದಿನ ಬೇಕು. ಬಿಟ್ಟುಬಿಡಿ.

ಕಾಕಾ: 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಮ್ಮಪ್ಪ ಎಲ್ಲ ಕೆಲಸಕ್ಕೂ ಅಲ್ಲಿಗೇ ಹೋಗುತ್ತಿದ್ದರು. ಆ ಊರಿನ ಬಗ್ಗೆ ನನಗೆ ಫಾರ್ವರ್ಡ್ ಕಳಿಸಬೇಡಿ.

ನಾನು: ಒಂಬತ್ತನೇದು ನೋಡಿ, ಪಾಯ್ಗಾ ಗೋರಿಗಳು. ಆ ಪಟ್ಟಿಯಲ್ಲಿ ಜನ ಕಡಿಮೆ ಹೋಗುವ ಜಾಗ ಅದೊಂದೇ. ಸಂತೋಷ್‌ನಗರದ ಹತ್ತಿರ ಗಲ್ಲಿಯೊಳಗಿದೆ. ನಿಜಾಮರ ಜೊತೆ ಬೀಗತನ ಮಾಡಿದ ಜಾಗೀರದಾರರ ಗೋರಿಗಳು. ಗಾರೆಯ ಕುಸುರಿ ನೋಡಬೇಕು! ಗೋಡೆಯಲ್ಲಿ ಕಿಂಡಿ ಕಿಂಡಿಯಾಗಿರುವ ಜಾಲಂದ್ರಗಳಿವೆ, ಒಂದರ ನಕ್ಷೆ ಪಕ್ಕದ್ದರಲ್ಲಿ ಇರುವುದಿಲ್ಲ. ಬಿಸಿಲು ಬಂದರೆ ಆ ನಕ್ಷೆಯೆಲ್ಲ ನೆಲದ ಮೇಲೆ.

ಚಿಗವ್ವ: ಮದುವೆ ಊಟ ಮಾಡಿ ಮರುದಿನ ಗೋರಿ ನೋಡೋದಾ? ಒಳ್ಳೇದಲ್ಲಪ್ಪ.

ತಮ್ಮ: ಚಿಗವ್ವ, ಗೋಳಗುಮ್ಮಟದಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿರಲ್ಲ, ಅದೇನು ಛತ್ರವೇ?

ಚಿಗವ್ವ: ಅದು ಬೇರೆ.

ಕಾಕಾ: ಗೊತ್ತಿಲ್ಲದ ಜಾಗ ಅಂತ ಸುಮ್ನೆ ಅಲೆಯೋದು ಯಾಕೆ? ಜನ ಸೇರುವ ಕಡೆ ಏನೋ ಇರುತ್ತೆ ಅಂತಲೇ ಸೇರುತ್ತಾರೆ. ಸಾಲಾರ್ ಜಂಗ್ ಮ್ಯೂಸಿಯಂ ಗಡಿಯಾರ ನೋಡಿ. ತಾಸಿಗೊಮ್ಮೆ ಪುಟ್ಟ ಗಡ್ಡದ ಮನುಷ್ಯ ಹೊರಗೆ ಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತಾನೆ. ಹನ್ನೆರಡಕ್ಕೆ ಹನ್ನೆರಡು ಏಟು. ದೊಡ್ಡವರೂ ಮಕ್ಕಳ ಹಾಗೆ ಕಾಯುತ್ತಾ ಕೂತಿರುತ್ತಾರೆ.

ನಾನು: ಕಾಕಾ ಹೇಳಿದ್ದು ಸರಿ. ಆದರೆ ಶುಕ್ರವಾರ ಸಾಲಾರ್ ಜಂಗ್ ರಜೆ. ಚೌಮಹಲ್ಲಾ ಅರಮನೆಯೂ ರಜೆ.

ಮಾಮಾ: ಪಟ್ಟಿಯಲ್ಲಿ ಅದನ್ನು ಬರೆದೇ ಇಲ್ಲ.

ಅಕ್ಕ: ಎಲ್ಲರಿಗೂ ಕಳಿಸಿ ಅಂತ ಮಾತ್ರ ಬರೆದಿದ್ದಾರೆ.

ನಾನು: ಹಾಗಾದರೆ ಶನಿವಾರಕ್ಕೆ ಇಟ್ಟುಕೊಳ್ಳೋಣ. ಬೆಳಿಗ್ಗೆ ಪಾಯ್ಗಾ, ಹನ್ನೆರಡರೊಳಗೆ ಗಡಿಯಾರದ ಮುಂದೆ. ಆಮೇಲೆ ಚಾರ್‌ಮಿನಾರ್, ಕೆಳಗಿನಿಂದ ನೋಡಿದರೆ ಸಾಕು. ಅದರ ಹತ್ತಿರವೇ ಬಾದ್‌ಶಾಹಿ ಆಶುರ್‌ಖಾನಾ ಇದೆ, ಮೊಹರಂ ಶೋಕಾಚರಣೆಯ ಮನೆ. 1591ರಲ್ಲಿ ಚಾರ್‌ಮಿನಾರ್ ಕಟ್ಟಿಸಿದ ಮುಹಮ್ಮದ್ ಕುಲಿ ಕುತುಬ್ ಷಾನೇ ಅದನ್ನೂ ಕಟ್ಟಿಸಿದ್ದು. ಗೋಡೆ ತುಂಬ ಹಳದಿ, ನೀಲಿ, ಹಸಿರು ಟೈಲ್ಸ್. 1908ರ ಮೂಸಿ ನದಿಯ ಪ್ರವಾಹಕ್ಕೆ ಕೆಳಗಿನವು ಹಾಳಾದವು. ಅಲ್ಲೀಗ ಬರೀ ಬಣ್ಣ. ಹತ್ತಿರ ಹೋದರೆ ಯಾವುದು ಟೈಲ್ಸ್, ಯಾವುದು ಬಣ್ಣ ಅಂತ ತಿಳಿಯುತ್ತೆ. ಫೋಟೋ ತೆಗೆಯೋರೆಲ್ಲ ಚಾರ್‌ಮಿನಾರ್ ಮುಂದೆಯೇ ನಿಂತುಬಿಡುತ್ತಾರೆ, ಇಲ್ಲಿಗೆ ಬರೋದೇ ಇಲ್ಲ.

ಕಾಕಾ: ಹ್ಞಾಂ, ಅದು ನಾನೂ ನೋಡಿಲ್ಲ. ಬರ್ತೀನಿ.

ತಮ್ಮ: ಟಿಕೆಟ್ ಶನಿವಾರಕ್ಕೆ ಯಾರು ಬದಲಾಯಿಸುತ್ತೀರಿ?

ಅಕ್ಕ: ಫಾರ್ವರ್ಡ್ ಮಾಡಿದವರೇ.

ಚಿಗವ್ವ: ಲಾಡ್ ಬಜಾರ್ ಬಳೆ ಯಾರ ಪಟ್ಟಿಯಲ್ಲೂ ಇಲ್ವಲ್ಲ? ನನಗೂ ಅಕ್ಕನಿಗೂ ಅಲ್ಲಿ ಎರಡು ತಾಸು ಬೇಕು. ಮಿಕ್ಕಿದ್ದಕ್ಕೆ ನೀವು ನೀವೇ ಜಗಳಾಡಿ.