ಲೂಕಾಸ್ ದೋಷಕ್ಕೆ ಶಾಂತಿ

"ಇದು ಲೂಕಾಸ್ ದೋಷ," ಅಂದ ವೆಂಕಿ, ಬಾನೆಟ್ ಎತ್ತುವ ಮೊದಲೇ. "ಬ್ರಿಟಿಷ್ ಕಾರುಗಳಿಗೆ ಲೈಟು, ಡೈನಮೋ ಮಾಡ್ತಿದ್ದ ಕಂಪನಿಯ ಲೂಕಾಸ್. ಕತ್ತಲೆಯ ರಾಜಕುಮಾರ ಅಂತಲೇ ಇಡೀ ಇಂಗ್ಲೆಂಡು ಅವನನ್ನ ಕರೆಯೋದು."

ಗುಂಡಣ್ಣನ 1974ರ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯ ಇಂಡಿಕೇಟರ್ ಎರಡೂ ಕಡೆ ಸತ್ತಿತ್ತು. ಬಲಗಡೆ ಹೆಡ್‌ಲೈಟು ಬೇರೆ ಮಂಕು. ಬರ್ಮಿಂಗ್‌ಹ್ಯಾಮಿನ ಶನಿವಾರ, ಹೊರಗೆ ಮಳೆ. ಗ್ಯಾರೇಜಿನಲ್ಲಿ ನಾಲ್ಕು ಜನ, ಐದು ಅಭಿಪ್ರಾಯ.

"ದೋಷ ಸರಿ, ಶಾಂತಿ ಏನಪ್ಪಾ?" ರಾಯರು ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು.

ವೆಂಕಿ ಫೋನ್ ನೋಡಿ ಓದಿದ. "ಎಲೆಕ್ಟ್ರಾನಿಕ್ ಇಗ್ನಿಷನ್, ದೊಡ್ಡ ಆಲ್ಟರ್ನೇಟರ್, ಪೂರ್ತಿ ಹೊಸ ವೈರಿಂಗ್. ಎಲ್‌ಇಡಿ ಬಲ್ಬು ಹೋದ ವಾರಾನೇ ಹಾಕಿ ಆಯ್ತು."

"ಇಂಡಿಕೇಟರ್ ಹತ್ತಲಿಲ್ಲ ಅಂತ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರಾ?" ಪದ್ಮಕ್ಕ ಕೇಳಿದಳು. "ಮಗಳಿಗೆ ಗಂಡು ಸಿಗಲಿಲ್ಲ ಅಂತ ಅಡುಗೆಮನೆ ಗೋಡೆ ಒಡೆಸಿದ್ರಂತೆ, ಹಾಗಾಯ್ತು. ಗುಂಡಣ್ಣ, ಕೀ ಆನ್ ಮಾಡಿ. ಬ್ರೇಕ್ ಲೈಟ್ ಬರುತ್ತಾ? ವೈಪರ್? ಪೆಟ್ರೋಲ್ ಮುಳ್ಳು ಏಳುತ್ತಾ?"

ಎಲ್ಲವೂ ಬಂತು.

"ಹಾಗಾದ್ರೆ ಫ್ಯೂಸ್ ನಿರಪರಾಧಿ. ಇವಕ್ಕೆಲ್ಲ ಕರೆಂಟು ಹಸಿರು ವೈರಿಂದಲೇ. ಜಾತಕ ನೋಡೋದಾದ್ರೆ ಈ ಬಣ್ಣಗಳನ್ನ ನೋಡ್ರಪ್ಪ. ಕಂದು ಬ್ಯಾಟರಿಯಿಂದ ನೇರ, ಯಾವಾಗಲೂ ಕರೆಂಟು, ಫ್ಯೂಸಿಲ್ಲ. ಬಿಳಿ ಕೀ ತಿರುಗಿಸಿದ ಮೇಲೆ, ಅದಕ್ಕೂ ಫ್ಯೂಸಿಲ್ಲ. ಬಿಳಿ ಫ್ಯೂಸ್ ದಾಟಿದ್ರೆ ಹಸಿರು, ಕಂದು ದಾಟಿದ್ರೆ ನೇರಳೆ. ಕಪ್ಪು ಅರ್ತ್, ಕರೆಂಟು ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗೋ ದಾರಿ."

"ಇರಲಿ ಅಂತ ಫ್ಯೂಸೂ ತಂದಿದೀನಿ, 35 ಆಂಪಿಯರ್," ಅಂದ ವೆಂಕಿ.

"ಲೂಕಾಸ್ 35 ಅಂದ್ರೆ 35ಕ್ಕೆ ಸುಡೋದು. ಒಂದೇ ಸಮ ಹೊರೋದು 17 ಅಷ್ಟೇ. ನೀನು ತಂದಿರೋದು 35ನ್ನ ದಿನವಿಡೀ ಹೊರುತ್ತೆ. ಅದು ಸುಡೋ ಹೊತ್ತಿಗೆ ವೈರು ಸುಟ್ಟಿರುತ್ತೆ. ಆಗ ಬಂದು ಲೂಕಾಸ್ ದೋಷ ಅನ್ನು."

ಪದ್ಮಕ್ಕ ಟೆಸ್ಟ್ ಲ್ಯಾಂಪ್ ತೆಗೆದಳು: ಒಂದು ಬಲ್ಬು, ಎರಡು ವೈರು, ಒಂದರ ತುದಿಗೆ ಕ್ಲಿಪ್ಪು, ಇನ್ನೊಂದಕ್ಕೆ ಮೊನೆ. ಕ್ಲಿಪ್ಪನ್ನು ಅರ್ತ್‌ಗೆ ಸಿಕ್ಕಿಸಿ ಡ್ಯಾಶ್‌ಬೋರ್ಡಿನ ಹಜಾರ್ಡ್ ಸ್ವಿಚ್ಚಿನ (ಎಲ್ಲ ಇಂಡಿಕೇಟರನ್ನೂ ಒಟ್ಟಿಗೆ ಮಿಟುಕಿಸುವುದು) ಹಿಂದೆ ಚುಚ್ಚಿದಳು. ಒಳಗೆ ಬರುವ ಹಸಿರಿನಲ್ಲಿ ಬಲ್ಬು ಹತ್ತಿತು. ಇಂಡಿಕೇಟರ್ ಮಿಟುಕಿಸುವ ಫ್ಲಾಶರ್ ಕಡೆ ಹೋಗುವ ವೈರಿನಲ್ಲಿ ಹತ್ತಲಿಲ್ಲ.

"ಹಜಾರ್ಡಿಗೂ ಇದಕ್ಕೂ ಏನಮ್ಮಾ ಸಂಬಂಧ?"

"ಹಜಾರ್ಡ್ ಆಫ್ ಇದ್ದಾಗ ಇಂಡಿಕೇಟರಿನ ಕರೆಂಟು ಈ ಸ್ವಿಚ್ಚಿನ ಮೂಲಕವೇ ಹೋಗೋದು, ರಾಯರೇ. ವರ್ಷಗಟ್ಟಲೆ ಯಾರೂ ಮುಟ್ಟಲ್ಲ, ಕಾಂಟ್ಯಾಕ್ಟಿಗೆ ಕಿಲುಬು ಹಿಡಿಯುತ್ತೆ. ಸ್ವಲ್ಪ ಕಾಂಟ್ಯಾಕ್ಟ್ ಕ್ಲೀನರ್ ಬಿಡ್ತೀನಿ. ನೀವು ಇಪ್ಪತ್ತು ಮೂವತ್ತು ಸಲ ಒತ್ತಿ."

ರಾಯರು ಟೋಪಿ ತೆಗೆದಿಟ್ಟು, ಕಣ್ಣು ಮುಚ್ಚಿ, ಜಪಕ್ಕೆ ಕೂತವರ ಹಾಗೆ ಒತ್ತಿದರು. ಇಂಡಿಕೇಟರ್ ಹತ್ತಿತು. ಹತ್ತಿದ್ದು ಹಾಗೇ ಉರೀತಾ ನಿಂತಿತು.

"ನೋಡಿ! ದೋಷ!" ವೆಂಕಿಗೆ ಪರಮಾನಂದ.

"ದೋಷವೇ. ಹೋದ ವಾರ ನೀನೇ ಹಾಕಿದ್ದು. ಈ ಫ್ಲಾಶರ್ ಒಳಗೆ ಕರೆಂಟಿಗೆ ಬಿಸಿಯಾಗೋ ಲೋಹ ಇದೆ, ಬಿಸಿಯಾದ್ರೆ ತಾನೆ ಕಣ್ಣು ಮಿಟುಕಿಸೋದು. 21 ವಾಟಿನ ಎರಡು ಬಲ್ಬು ಸೇರಿ ಸುಮಾರು ಮೂರೂವರೆ ಆಂಪಿಯರ್ ಎಳೆದು ಅದನ್ನ ಕಾಯಿಸ್ತಿದ್ವು. ನಿನ್ನ ಎಲ್‌ಇಡಿಗೆ ಅದು ಬೆಚ್ಚಗೂ ಆಗಲ್ಲ. ಒಂದೋ ಎಲೆಕ್ಟ್ರಾನಿಕ್ ಫ್ಲಾಶರ್ ಹಾಕು, ಇಲ್ಲ ಹಳೇ ಬಲ್ಬು ತಗೊಂಡು ಬಾ."

ಹಳೇ ಬಲ್ಬು ಕಸದ ಬುಟ್ಟಿಯಲ್ಲೇ ಇತ್ತು. ಹಾಕಿದ ತಕ್ಷಣ ಟಿಕ್ ಟಿಕ್ ಶುರು.

"ಅದು ಬಿಡಿ," ವೆಂಕಿ ದಾರಿ ಬದಲಿಸಿದ. "ಬ್ರಿಟಿಷ್ ಕಾರಿನ ವೈರೊಳಗೆ ಹರಿಯೋದು ಹೊಗೆಯಂತೆ. ಹೊಗೆ ಹೊರಗೆ ಬಂತೋ, ಗಾಡಿ ನಿಂತಿತು."

"ಇಲ್ಲಿಯವರೆಗೆ ನಿನ್ನ ಬಾಯಿಂದ ಬಂದಷ್ಟು ಹೊಗೆ ವೈರಿಂದ ಬಂದಿಲ್ಲ. ಹೆಡ್‌ಲೈಟ್ ಹಾಕು."

ಬಲ್ಬಿನ ಎರಡು ಪಿನ್ನಿನ ನಡುವೆ ಮೀಟರ್ ಹಿಡಿದರೆ 10.2 ವೋಲ್ಟ್. ಬ್ಯಾಟರಿಯಲ್ಲಿ 12.2.

"ಎರಡು ವೋಲ್ಟ್ ತಾನೆ," ಅಂದ ಗುಂಡಣ್ಣ.

"ಹತ್ತು ಪರ್ಸೆಂಟ್ ವೋಲ್ಟೇಜ್ ಇಳಿದ್ರೆ ಮಾಮೂಲಿ ಬಲ್ಬಿನ ಬೆಳಕು ಸುಮಾರು ಮೂರನೇ ಒಂದು ಭಾಗ ಹೋಗುತ್ತೆ. ಇಲ್ಲಿ ಅದಕ್ಕೂ ಹೆಚ್ಚು ಇಳಿದಿದೆ."

ಎಂಜಿಬಿಯ ಬ್ಯಾಟರಿ ಇರೋದು ಸೀಟಿನ ಹಿಂದೆ. ಅದರ ಮೈನಸ್ಸಿಂದ ಮುಂದಿನ ಗ್ರಿಲ್‌ವರೆಗೆ ಒಂದು ಉದ್ದನೆ ವೈರು ಎಳೆದು, ಮೀಟರಿನ ಒಂದು ಕಡ್ಡಿಗೆ ಸುತ್ತಿ, ಇನ್ನೊಂದನ್ನು ಹೆಡ್‌ಲೈಟಿನ ಕಪ್ಪು ವೈರಿಗೆ ಮುಟ್ಟಿಸಿದಳು. ಲೈಟು ಉರೀತಾನೇ ಇರಬೇಕು. ಆರಿಸಿದ್ರೆ ಕರೆಂಟಿಲ್ಲ, ಕೆಟ್ಟ ಜಾಯಿಂಟೂ ಸಾಚಾ ಅನ್ನಿಸುತ್ತೆ. 1.6 ವೋಲ್ಟ್ ತೋರಿಸಿತು. ಇರಬೇಕಾದದ್ದು 0.2ರ ಆಸುಪಾಸು.

"ನಿಮ್ಮ ಎರಡು ವೋಲ್ಟಲ್ಲಿ ಹೆಚ್ಚಿನ ಪಾಲು ಅರ್ತಲ್ಲೇ ಕೂತಿದೆ," ಅನ್ನುತ್ತಾ ಗ್ರಿಲ್ಲಿನ ಹಿಂದೆ ಕೈ ಹಾಕಿ ವೈರುಗಳನ್ನು ಸೇರಿಸುವ ಬುಲೆಟ್ ಕನೆಕ್ಟರ್ ಎಳೆದಳು. ಕಪ್ಪು ರಬ್ಬರ್ ತೋಳಿನೊಳಗಿಂದ ಹಿತ್ತಾಳೆ ಗುಂಡು ಹಸಿರು ಪುಡಿ ಉದುರಿಸುತ್ತಾ ಬಂತು. ಬ್ಯಾಟರಿಯ ಅರ್ತ್ ಬಿಚ್ಚಿ, ಹೊಳೆಯುವ ತಾಮ್ರ ಸಿಗುವವರೆಗೆ ವೈರು ಕತ್ತರಿಸಿ, ಹೊಸ ಗುಂಡು, ಹೊಸ ತೋಳು, ಮೇಲೆ ಚೂರು ವ್ಯಾಸಲೀನ್. ಬಾಡಿಗೆ ಸೇರುವ ಕಡೆ ಪೇಂಟು ಕೆರೆದು ಬೋಲ್ಟ್ ಬಿಗಿ. ಮತ್ತೆ ಅಳೆದರೆ 0.1.

"ಐವತ್ತು ವರ್ಷ ಇಂಗ್ಲೆಂಡಿನ ಮಳೇಲಿ ನಿಂತ ಹಿತ್ತಾಳೆ ಇದು. ನೀವು ಒಂದು ನವೆಂಬರಿಗೇ ಮಂಡಿ ಹಿಡೀತು ಅಂತೀರಿ."

ರಾಯರು ಟೆಸ್ಟ್ ಲ್ಯಾಂಪನ್ನು ಕೈಯಲ್ಲಿ ತಿರುಗಿಸುತ್ತಿದ್ದರು. "ನಮ್ಮ ಅಂಬಾಸಡರಿಗೂ ಇದೇ ವೈದ್ಯ. ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ತಾನೆ ಅದು. ಡೈನಮೋ ಲೂಕಾಸ್ ಟಿವಿಎಸ್, ಮದ್ರಾಸ್ ಪಾಡಿದು. ದಾವಣಗೆರೆ ಸ್ಟ್ಯಾಂಡಿನ ಎಲೆಕ್ಟ್ರಿಷಿಯನ್ ಮೀಟರನ್ನೇ ನಂಬ್ತಿರಲಿಲ್ಲ."

"ಬುದ್ಧಿವಂತ. ಮೀಟರ್ ಕರೆಂಟು ಎಳೆಯಲ್ಲ, ಒಂದೇ ಎಳೆ ಉಳಿದ ವೈರಲ್ಲೂ 12 ವೋಲ್ಟ್ ತೋರಿಸುತ್ತೆ. ಬಲ್ಬು ಎಳೆಯುತ್ತೆ, ಸುಳ್ಳು ಅಲ್ಲೇ ಸಿಕ್ಕಿಬೀಳುತ್ತೆ."

"ಈಗ ಅವನ ಮಗ ಲ್ಯಾಪ್‌ಟಾಪ್ ಚುಚ್ಚಿ, ಇಡೀ ಯೂನಿಟ್ ಬದಲಾಯಿಸಿ ಸಾರ್ ಅಂತಾನೆ."

"ಅವನದ್ದೇನು ತಪ್ಪು? ಬಿಚ್ಚೋ ಹಾಗೆ ಮಾಡಿದ್ರೆ ಅವನೂ ಬಿಚ್ತಿದ್ದ." ಪದ್ಮಕ್ಕ ಕೈ ಒರೆಸಿಕೊಂಡಳು. "ಆ ಹುಡುಗನಿಗೆ ಅಪ್ಪನ ಕೈ ಬಂದಿರುತ್ತೆ, ಕೈ ಹಾಕೋಕೆ ಜಾಗ ಇಲ್ಲ."

ಸ್ವಲ್ಪ ಹೊತ್ತು ಇಂಡಿಕೇಟರ್ ಒಂದೇ ಮಾತಾಡಿತು.

"ಅಕ್ಕಾ, ಪೂರ್ತಿ ವೈರಿಂಗ್ ಆರ್ಡರ್ ಮಾಡಿಬಿಟ್ಟಿದೀನಲ್ಲಾ..."

"ವಾಪಸ್ ಕಳಿಸು. ಹಾರನ್ನೂ ಬರ್ತಿಲ್ಲ ಅಂದ್ರಲ್ಲ ಗುಂಡಣ್ಣ, ಅದಕ್ಕೆ ಕರೆಂಟು ನೇರಳೆ ವೈರಲ್ಲಿ. ಎಲ್ಲಿದೆ ತೋರಿಸು ನೋಡೋಣ."

ವೆಂಕಿ ಧೈರ್ಯವಾಗಿ ಹಸಿರು ತೋರಿಸಿದ.